ಧಕ್ಕೆಗೆ ಬರುವ ಮೀನು ನೂರು ಬಗೆ, ಬೆಂಗಳೂರು ಕೇಳುವುದು ಮೂರೇ ಬಗೆ

ಪಡುಕರೆಯವ, ಪೀಣ್ಯ

ಭಾನುವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಗೋ ಮಡಿವಾಳಕ್ಕೋ ಯಶವಂತಪುರಕ್ಕೋ ಹೋದರೆ ಮೀನಂಗಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಬೆಂಗಳೂರಿಗೆ ಮೀನು ಗೊತ್ತಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಆದರೆ ನಿಂತವರ ಬಾಯಲ್ಲಿ ಬರುವುದು ಮೂರೇ ಹೆಸರು: ಅಂಜಲ್ (ಸೀರ್ ಫಿಶ್), ಮಾಂಜಿ (ಪಾಂಫ್ರೆಟ್), ಸಿಗಡಿ. ಜೂನ್ ಇರಲಿ ಡಿಸೆಂಬರ್ ಇರಲಿ, ಇದೇ. ರೇಟು ಕೇಳಿ ಬೇಜಾರು ಮಾಡಿಕೊಂಡು ಅದನ್ನೇ ಕಟ್ಟಿಸಿಕೊಂಡು ಹೋಗುತ್ತಾರೆ. ಪಕ್ಕದ ಬುಟ್ಟಿಯಲ್ಲಿ ಹೊಳೆಯುವ ಬಂಗುಡೆಯನ್ನು ಕಣ್ಣೆತ್ತಿ ನೋಡುವುದಿಲ್ಲ. ಇದು ಸರಿಯಲ್ಲ ಅಂತ ನನಗೆ ಬಹಳ ಕಾಲದಿಂದ ಅನಿಸುತ್ತಿದೆ. ಯಾಕೆ ಅಂತ ಹೇಳಬೇಕಾದರೆ ಧಕ್ಕೆಯಲ್ಲಿ, ಅಂದರೆ ಬೋಟು ಬಂದು ಮೀನು ಇಳಿಸುವ ಕಟ್ಟೆಯಲ್ಲಿ, ಏನು ನಡೆಯುತ್ತದೆ ಅನ್ನುವುದನ್ನು ಮೊದಲು ಹೇಳಬೇಕು.

ನಮ್ಮ ಮನೆ ಉಡುಪಿ ಹತ್ತಿರದ ಮಲ್ಪೆ ಪಡುಕರೆ. ಅಪ್ಪ ಬೋಟು ನಡೆಸುವ ತಂಡೇಲರಾಗಿದ್ದವರು, ಅಣ್ಣ ಈಗಲೂ ಪರ್ಸೀನ್ ಬೋಟಿಗೆ ಹೋಗುತ್ತಾರೆ.

ಮಲ್ಪೆಯಲ್ಲಿ ಒಂದೇ ಬಗೆಯ ಬೋಟಿಲ್ಲ. ಆಳಸಮುದ್ರದ ಟ್ರಾಲ್ ಬೋಟು ಡೀಸೆಲ್, ಐಸು, ಕುಡಿಯುವ ನೀರು, ಅಕ್ಕಿ ತುಂಬಿಕೊಂಡು ಹೊರಟರೆ ತಿರುಗಿ ಬರುವುದು ಎಂಟು ಹತ್ತು ದಿನಕ್ಕೆ, ಕೆಲವೊಮ್ಮೆ ಇನ್ನೂ ತಡ. ಗೋವಾ, ಮಹಾರಾಷ್ಟ್ರದ ಕಡಲಿನವರೆಗೂ ಹೋಗುವುದುಂಟು. ಅದರ ಬಲೆ ತಳ ಗೋರುತ್ತಾ ಸಾಗುವುದರಿಂದ ಬೊಂಡಾಸ್ (ಸ್ಕ್ವಿಡ್), ಕಪ್ಪೆ ಬೊಂಡಾಸ್ (ಕಟಲ್ ಫಿಶ್), ಮದಿಮಾಲ್ (ರಾಣಿ ಮೀನು), ಪಾಂಬೊಳ್ (ರಿಬ್ಬನ್ ಫಿಶ್), ನಂಗ್ (ಸೋಲ್), ಕೊಡ್ಡಾಯಿ (ಕ್ರೋಕರ್) ಎಲ್ಲ ಒಟ್ಟಿಗೆ ಬರುತ್ತದೆ. ಪರ್ಸೀನ್ ಬೋಟು ನಸುಕಿಗೆ ಹೋಗಿ ಅದೇ ದಿನ ವಾಪಸ್. ಇಪ್ಪತ್ತೈದು ಮೂವತ್ತು ಜನ ಇರುತ್ತಾರೆ. ನೀರಿನ ಬಣ್ಣ, ಹಕ್ಕಿಗಳ ಓಡಾಟ ನೋಡಿ ಮೀನಿನ ಹಿಂಡು ಎಲ್ಲಿದೆ ಅಂತ ಗುರುತಿಸಿ, ಸುತ್ತಲೂ ಬಲೆ ಬಿಟ್ಟು, ಅಡಿಯ ಹಗ್ಗವನ್ನು ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ ಎಳೆದು ಬಿಗಿಯುತ್ತಾರೆ. ಬಂಗುಡೆ, ಭೂತಾಯಿ (ಸಾರ್ಡೀನ್), ಕೊಲ್ಲತರು (ಆಂಚೊವಿ) ರಾಶಿಯಾಗಿ ಸಿಗುವುದು ಇದರಲ್ಲಿ. ಇವೆರಡೂ ಅಲ್ಲದೆ ನಾಡದೋಣಿಗಳಿವೆ, ದಡದಲ್ಲಿ ನಿಂತು ಎಳೆಯುವ ಕೈರಂಪಣಿ ಇದೆ.

ಬೋಟು ಧಕ್ಕೆಗೆ ತಾಗಿದ ಮೇಲೆ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಮೀನಿನ ಕೋಣೆಗೆ ಇಳಿದು ಐಸಿನಡಿಯಿಂದ ಮೀನು ತೆಗೆದು ಬುಟ್ಟಿ ಬುಟ್ಟಿಯಾಗಿ ಮೇಲಕ್ಕೆ ಕೊಡುತ್ತಾರೆ. ಜಾತಿ, ಗಾತ್ರ ನೋಡಿ ವಿಂಗಡಿಸಿ ಸುರಿಯುತ್ತಾರೆ. ಬೆಳಕು ಹರಿಯುವ ಮೊದಲೇ ಏಲಂ (ಹರಾಜು) ಶುರು. ಕೂಗುವವನ ಸುತ್ತ ರಫ್ತು ಕಂಪನಿಯವರು, ಹೊರಜಿಲ್ಲೆಗೆ ಲಾರಿ ಕಳಿಸುವವರು, ಬುಟ್ಟಿ ಹಿಡಿದ ನಮ್ಮ ಹೆಂಗಸರು. ಬೊಂಡಾಸ್ ಹೆಚ್ಚಾಗಿ ರಫ್ತಿಗೆ. ಮದಿಮಾಲ್‌ನಲ್ಲಿ ಬಹಳಷ್ಟು, ಮೀನಿನ ಮಾಂಸ ಅರೆದು ಮುದ್ದೆ ಮಾಡುವ ಸುರಿಮಿ ಕಾರ್ಖಾನೆಗೆ. ಅಂಜಲ್, ಮಾಂಜಿ ಇಳಿದರೆ ಬೆಂಗಳೂರು, ಕೇರಳ, ಗೋವಾದ ವ್ಯಾಪಾರಿಗಳು ಒಬ್ಬರಮೇಲೊಬ್ಬರು ಬಿದ್ದು ಕೂಗುತ್ತಾರೆ. ಭೂತಾಯಿ ಒಮ್ಮೆಲೇ ರಾಶಿ ಬಿದ್ದರೆ ಊಟಕ್ಕೆ ಕೊಳ್ಳುವವರು ಸಾಕಾಗುವುದಿಲ್ಲ. ಆಗ ಅದು ಮೀನುಹಿಟ್ಟು, ಮೀನೆಣ್ಣೆ ಕಾರ್ಖಾನೆಗೆ ಹೋಗುತ್ತದೆ, ಬೆಲೆ ಕಾರ್ಖಾನೆಯವರು ಹೇಳಿದ್ದು.

ನನ್ನ ಮಾತು ಇಷ್ಟೇ. ಇಷ್ಟು ದೊಡ್ಡ ನಗರ ಬಂಗುಡೆ, ಭೂತಾಯಿ, ಕೊಲ್ಲತರು, ಮದಿಮಾಲ್ ಕೇಳಲು ಶುರು ಮಾಡಿದರೆ ಆ ಮೀನು ಕಾರ್ಖಾನೆಗೆ ಹೋಗುವ ಬದಲು ತಟ್ಟೆಗೆ ಬರುತ್ತದೆ. ಹಿಡಿದವನಿಗೆ ಬೆಲೆ, ತಿನ್ನುವವನಿಗೆ ಅಗ್ಗ. ಅಂಜಲ್ ಹಿಂದೆ ಬೀಳುವ ಒತ್ತಡವೂ ಸ್ವಲ್ಪ ಕಡಿಮೆಯಾಗುತ್ತದೆ. ನೀವೆಲ್ಲ ಏನು ಹೇಳುತ್ತೀರಿ?

ಚಾಮರಾಜಪೇಟೆ ಗಿರಾಕಿ

ಚೆನ್ನಾಗಿ ಬರೆದಿದ್ದೀರಿ ಸಾರ್. ಆದ್ರೆ ನಮ್ಮ ಕಡೆಯಿಂದಲೂ ಸ್ವಲ್ಪ ನೋಡಿ. ನಮ್ಮದು ಮಂಡ್ಯ ಕಡೆ, ಚಿಕ್ಕಂದಿನಿಂದ ತಿಂದಿದ್ದು ಕೆರೆ ಮೀನು. ಕಾಟ್ಲಾ, ರೋಹು, ಜಿಲೇಬಿ ಬಿಟ್ಟು ಬೇರೆ ಗೊತ್ತಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಕಡಲ ಮೀನು ಅಂದ್ರೆ ಅಂಜಲ್ ಅಂತ ಯಾರೋ ಹೇಳಿದ್ರು, ಅದನ್ನೇ ತರ್ತಾ ಬಂದ್ವಿ. ಅದಕ್ಕೆ ಕಾರಣ ಮುಳ್ಳು. ಮಕ್ಕಳಿಗೆ ಕೊಡಬೇಕು. ಅಂಜಲ್ ಪೀಸ್‌ನಲ್ಲಿ ನಡುವೆ ಒಂದೇ ಮುಳ್ಳು, ಭಯ ಇಲ್ಲ. ಭೂತಾಯಿ ತಂದು ಮುಳ್ಳು ಬಿಡಿಸ್ತಾ ಕೂತ್ಕೊಂಡ್ರೆ ಸ್ಕೂಲ್ ಬಸ್ ಹೋಗಿರುತ್ತೆ.

ಇನ್ನೊಂದು, ಅಗ್ಗದ ಮೀನು ಹಳೇದು ಅನ್ನೋ ಅನುಮಾನ. ನಾಲ್ಕು ನೂರು ಕಿಲೋಮೀಟರ್ ದೂರದಿಂದ ಬಂದ ಭೂತಾಯಿ ಫ್ರೆಶ್ ಇರುತ್ತಾ? ಯಾವ ತಿಂಗಳಲ್ಲಿ ಯಾವುದು ತರಬೇಕು ಅಂತ ನೇರವಾಗಿ ಹೇಳಿಬಿಡಿ, ತರ್ತೀವಿ.

ಪಡುಕರೆಯವ, ಪೀಣ್ಯ

ಮುಳ್ಳಿನ ಮಾತು ನ್ಯಾಯವಾದದ್ದು. ಮಕ್ಕಳಿರುವ ಮನೆಗೆ ಭೂತಾಯಿಯಿಂದ ಶುರು ಮಾಡಿ ಅಂತ ನಾನೂ ಹೇಳುವುದಿಲ್ಲ. ಮದಿಮಾಲ್ ತನ್ನಿ. ಬೆಂಗಳೂರಿನ ಅಂಗಡಿಗಳಲ್ಲಿ ರಾಣಿ ಮೀನು ಅಂದರೆ ಕೊಡುತ್ತಾರೆ. ನಸುಗೆಂಪು ಬಣ್ಣ, ಮೆತ್ತನೆ ಬಿಳಿ ಮಾಂಸ, ಎರಡೂ ಬದಿಯ ಮಾಂಸ ಸಲೀಸಾಗಿ ಬಿಟ್ಟು ಬರುತ್ತದೆ. ಬೊಂಡಾಸ್‌ಗೆ ಮುಳ್ಳೇ ಇಲ್ಲ. ನಂಗ್ ಕೂಡ ಮಕ್ಕಳಿಗೆ ಆಗುತ್ತದೆ. ಬಂಗುಡೆಯಲ್ಲಿ ನಡುಮುಳ್ಳು ತೆಗೆದರೆ ಉಳಿದದ್ದು ಬಹಳ ತೊಂದರೆ ಕೊಡುವುದಿಲ್ಲ.

ತಿಂಗಳ ಲೆಕ್ಕ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳೆಲ್ಲ ಬಂದ್. ದೋಣಿಯಾದರೆ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಹಾಕುವ ಹಾಗಿಲ್ಲ. ಆಗ ನಾಡದೋಣಿಯವರದ್ದೇ ಕಾಲ. ಕಡಲಲ್ಲಿ ತೂಫಾನ್ ಎದ್ದು ಕೆಸರು ಕಲಕಿ ಆಮೇಲೆ ಶಾಂತವಾದರೆ ಅವರಿಗೆ ಸಿಗಡಿ, ಬಂಗುಡೆ ಸಿಗುತ್ತದೆ. ಅದು ಊರಿನಲ್ಲೇ ಖರ್ಚಾಗಿ ಬಿಡುತ್ತದೆ, ಘಟ್ಟ ಹತ್ತುವುದು ಕಡಿಮೆ. ಆಗಸ್ಟ್‌ನಲ್ಲಿ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತಾರೆ. ಅಲ್ಲಿಂದ ಬೋಟುಗಳೆಲ್ಲ ಪೂರ್ತಿ ಇಳಿಯುತ್ತವೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಬಂಗುಡೆಗೆ ಒಳ್ಳೆಯ ಕಾಲ. ಭೂತಾಯಿ ಬಂದರೆ ಅಕ್ಟೋಬರ್ ಮೇಲೆ, ಅದು ಎಣ್ಣೆ ತುಂಬಿಕೊಂಡಿರುವ ಸಮಯ, ರುಚಿ ಬೇರೆಯೇ. ಟ್ರಾಲ್ ಬೋಟಿನ ಮೀನು ಬೇಸಿಗೆಯವರೆಗೂ ಇರುತ್ತದೆ. ಏಪ್ರಿಲ್ ಮೇ ಹೊತ್ತಿಗೆ ಡೀಸೆಲ್ ಖರ್ಚೂ ಹುಟ್ಟದೆ ಕೆಲವರು ರಜೆಗೆ ಮುಂಚೆಯೇ ಬೋಟು ಕಟ್ಟಿಬಿಡುತ್ತಾರೆ. ಆಗ ಕಡಲ ಮೀನು ಅಗ್ಗಕ್ಕೆ ಕೇಳಬೇಡಿ, ನಿಮ್ಮ ಮಂಡ್ಯದ ಕೆರೆ ಮೀನೇ ತಿನ್ನಿ. ಅದರಲ್ಲಿ ಏನೂ ಕಡಿಮೆಯಿಲ್ಲ.

ಎಕ್ಕೂರು ಕಾಲೇಜಿನವಳು, ಯಲಹಂಕ

ತಾಜಾತನದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮಂಗಳೂರಿನ ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು, ಈಗ ಬೆಂಗಳೂರಿನಲ್ಲಿ ಆಹಾರದ ಗುಣಮಟ್ಟ ತಪಾಸಣೆಯ ಕೆಲಸ. 1969ರಲ್ಲಿ ಶುರುವಾದ ಕಾಲೇಜು ಅದು, ಐಸಿನ ಪಾಠ ಕೇಳದೆ ಅಲ್ಲಿಂದ ಯಾರೂ ಹೊರಗೆ ಬಂದಿಲ್ಲ.

ಮೀನು ಹಿಡಿದು ಎಷ್ಟು ದಿನವಾಯಿತು ಎನ್ನುವುದಕ್ಕಿಂತ ಅಷ್ಟು ದಿನ ಅದು ಎಷ್ಟು ತಣ್ಣಗಿತ್ತು ಎನ್ನುವುದು ಮುಖ್ಯ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಬೇಕು ಅಂತ ಲೆಕ್ಕ. ಒಂದು ಪದರ ಐಸು, ಒಂದು ಪದರ ಮೀನು, ಮತ್ತೆ ಐಸು. ಸರಿಯಾಗಿ ಹಾಕಿದ ಮೀನು ಶೂನ್ಯ ಡಿಗ್ರಿ ಹತ್ತಿರ ಇದ್ದರೆ ಹಲವು ದಿನ ಚೆನ್ನಾಗಿಯೇ ಇರುತ್ತದೆ. ಬೆಳಿಗ್ಗೆ ಹಿಡಿದು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಬಿಟ್ಟ ಮೀನು ಸಂಜೆಯೊಳಗೆ ಕೆಡುತ್ತದೆ, ಕಡಲ ದಂಡೆಯಲ್ಲೇ ಇದ್ದರೂ ಅಷ್ಟೆ.

ಬಂಗುಡೆ, ಭೂತಾಯಿ ತರುವವರು ಒಂದು ವಿಷಯ ತಪ್ಪದೆ ತಿಳಿದಿರಬೇಕು. ಈ ಜಾತಿಯ ಮೀನು ತಣ್ಣಗಿರದಿದ್ದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿ ಹಿಸ್ಟಮಿನ್ ಉಂಟುಮಾಡುತ್ತವೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟು ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ಬಹಳ ಜನ ಇದನ್ನು ಮೀನಿನ ಅಲರ್ಜಿ ಅಂದುಕೊಂಡು ಜೀವಮಾನವಿಡೀ ಬಂಗುಡೆ ಬಿಡುತ್ತಾರೆ. ಹಾಗಾಗಿ ಐಸಿಲ್ಲದೆ ಬರೀ ಬುಟ್ಟಿಯಲ್ಲಿ ಹರಡಿದ ಬಂಗುಡೆ ಎಷ್ಟೇ ಅಗ್ಗವಾದರೂ ಬೇಡ.

ನೋಡುವುದು ಹೇಗೆ? ಕಣ್ಣು ಉಬ್ಬಿ ತಿಳಿಯಾಗಿರಬೇಕು. ಕಿವಿರು ಎತ್ತಿ ನೋಡಿ, ಕೆಂಪಾಗಿರಬೇಕು, ಕಂದು ಬಣ್ಣ ಬಂದಿದ್ದರೆ ಬಿಡಿ. ಬೆರಳಿಂದ ಒತ್ತಿದರೆ ಮಾಂಸ ಮತ್ತೆ ಎದ್ದು ಬರಬೇಕು. ಹೊಟ್ಟೆ ಒಡೆದ ಭೂತಾಯಿ ಬೇಡ. ಕತ್ತರಿಸಿಟ್ಟ ಅಂಜಲ್ ತುಂಡಿಗೆ ಇವು ಯಾವ ಪರೀಕ್ಷೆಯೂ ಆಗುವುದಿಲ್ಲ. ಕಣ್ಣೂ ಇಲ್ಲ, ಕಿವಿರೂ ಇಲ್ಲ. ಇಡೀ ಸಣ್ಣ ಮೀನು ಕೊಳ್ಳುವವರಿಗೆ ಮೋಸವಾಗುವ ಸಂಭವ ತುಂಡು ಕೊಳ್ಳುವವರಿಗಿಂತ ಕಡಿಮೆ. ಪಡುಕರೆಯವರ ವಾದಕ್ಕೆ ಇದನ್ನೂ ಸೇರಿಸಿಕೊಳ್ಳಿ.

ಬಿಟಿಎಂ ಬಡಾವಣೆಯಿಂದ

ಅಕ್ಕ, ಮೀನು ಕೆಡದ ಹಾಗೆ ಹಾಕ್ತಾರೆ ಅನ್ನೋ ರಾಸಾಯನಿಕ, ಫಾರ್ಮಲಿನ್ ಬಗ್ಗೆ ಸ್ವಲ್ಪ ಹೇಳಿ. ಅದರ ಹೆದರಿಕೆಗೆ ನಮ್ಮನೇಲಿ ಕಡಲ ಮೀನೇ ನಿಲ್ಲಿಸಿದ್ದಾರೆ.

ಎಕ್ಕೂರು ಕಾಲೇಜಿನವಳು, ಯಲಹಂಕ

2018ರಲ್ಲಿ ಕೇರಳದ ಗಡಿ ತನಿಖಾ ಠಾಣೆಗಳಲ್ಲಿ ಫಾರ್ಮಲಿನ್ ಹಾಕಿದ ಮೀನು ಸಿಕ್ಕಿದ ಮೇಲೆ ಈ ಹೆದರಿಕೆ ಇಲ್ಲಿಗೂ ಬಂತು. ಹೆದರಿಕೆ ಸುಳ್ಳಲ್ಲ. ಆದರೆ ಅದಕ್ಕಾಗಿ ಮೀನೇ ಬಿಡಬೇಕಾಗಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದೇ ವರ್ಷ ಫಾರ್ಮಲಿನ್‌ಗೆ, ಅಮೋನಿಯಾಗೆ ಪರೀಕ್ಷಾ ಪಟ್ಟಿಗಳನ್ನು ಹೊರತಂದಿತು. ಪಟ್ಟಿಯನ್ನು ಮೀನಿನ ಮೈಗೆ ಉಜ್ಜಿ ದ್ರಾವಣದ ಹನಿ ಹಾಕಿದರೆ ಬಣ್ಣ ಬದಲಾಗುತ್ತದೆ, ಮನೆಯಲ್ಲೇ ನೋಡಬಹುದು. ಕೆಲವು ಕಡಲ ಮೀನುಗಳಲ್ಲಿ ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಅತಿ ಸ್ವಲ್ಪ ಸಹಜವಾಗಿಯೂ ಇರುತ್ತದೆ, ಅದು ಬೇರೆ ಮಾತು. ನನ್ನ ಸಲಹೆ: ವಾರಾ ವಾರಾ ಅಂಗಡಿ ಬದಲಿಸಬೇಡಿ. ಒಂದೇ ಅಂಗಡಿಗೆ ಹೋಗಿ, ಮೀನು ಎಲ್ಲಿಂದ ಬಂತು ಅಂತ ಪ್ರತಿ ಸಲ ಕೇಳಿ. ಕೇಳುವ ಗಿರಾಕಿಯನ್ನು ವ್ಯಾಪಾರಿ ಮರೆಯುವುದಿಲ್ಲ.

ಮಡಿವಾಳ ಮೀನಂಗಡಿ

ನಮಸ್ಕಾರ. ಇದನ್ನ ನನಗೆ ಗಿರಾಕಿಯೊಬ್ಬರು ಕಳಿಸಿದರು. ಅಂಗಡಿಯವರ ಮಾತೂ ಕೇಳಿ.

ಲಾರಿ ಮಲ್ಪೆ, ಮಂಗಳೂರಿಂದ ಸಂಜೆ ಹೊರಟರೆ ಶಿರಾಡಿ ಹತ್ತಿ ನಸುಕಿಗೆ ಇಲ್ಲಿಗೆ ಬರುತ್ತೆ. ಮಳೆಗಾಲದಲ್ಲಿ ಘಾಟಿ ಕುಸಿದರೆ ಸುತ್ತು ಹಾಕಬೇಕು. 2018ರ ಆಗಸ್ಟ್‌ನಲ್ಲಿ ಶಿರಾಡಿ ಕುಸಿದಾಗ ಗಾಡಿ ಯಾವಾಗ ಬರುತ್ತೆ ಅಂತ ಹೇಳೋ ಹಾಗೇ ಇರಲಿಲ್ಲ. ತಡವಾದಷ್ಟೂ ಐಸು ಕರಗುತ್ತೆ, ತೂಕ ಇಳಿಯುತ್ತೆ, ನಷ್ಟ ನಮ್ಮ ತಲೆ ಮೇಲೆ.

ಜೂನ್ ಜುಲೈನಲ್ಲಿ ಪಶ್ಚಿಮದ ಮೀನು ನಿಂತಾಗ ನಾವು ಪೂರ್ವದ ಕಡೆ ತಿರುಗ್ತೀವಿ. ಅಲ್ಲಿ ರಜೆ ಏಪ್ರಿಲ್ 15ರಿಂದ ಜೂನ್ 14. ಹಾಗಾಗಿ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಂದ್. ವರ್ಷದಲ್ಲಿ ಅತಿ ಕಷ್ಟದ ದಿನಗಳು ಅವೇ. ಆಗ ಬರೋದು ದೋಣಿ ಮೀನು, ಇಲ್ಲ ಫ್ರೀಜರ್ ಮೀನು. ಅಷ್ಟರಲ್ಲೂ ಗಿರಾಕಿ ಬಂದು ತಾಜಾ ಅಂಜಲ್ ಕೊಡಿ ಅಂತಾರೆ. ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಅವನು ಫ್ರೀಜರಿಂದ ತೆಗೆದು ಕರಗಿಸಿಟ್ಟಿದ್ದನ್ನ ತಾಜಾ ಅಂತ ಕೊಡ್ತಾನೆ. ನಿಜ ಹೇಳಿದವನಿಗೆ ವ್ಯಾಪಾರ ಇಲ್ಲ. ಅದು ನನಗೆ ತುಂಬಾ ನೋವು ಕೊಡೋ ವಿಷಯ.

ಕೊಲ್ಲತರು, ಮದಿಮಾಲ್ ಯಾಕೆ ತರೋದಿಲ್ಲ ಅಂತ ಕೇಳ್ತೀರಿ. ತಂದಿದ್ದೀನಿ. ಕೊಲ್ಲತರು ನಮ್ಮಲ್ಲಿ ನೆತ್ತಿಲಿ ಅಂತಾರೆ, ತಮಿಳರು, ಕೇರಳದವರು ತಗೋತಾರೆ, ಕನ್ನಡದವರು ಬಹಳ ಕಡಿಮೆ. ಅದನ್ನ ಒಂದೊಂದೇ ತಲೆ ಕಿತ್ತು ಕ್ಲೀನ್ ಮಾಡಬೇಕು. ಅಂಜಲ್ ಒಂದು ಕಿಲೋ ಕತ್ತರಿಸೋ ಹೊತ್ತಿಗೂ ನೆತ್ತಿಲಿ ಒಂದು ಕಿಲೋ ಕ್ಲೀನ್ ಮಾಡೋ ಹೊತ್ತಿಗೂ ಹೋಲಿಕೆಯೇ ಇಲ್ಲ, ಕೂಲಿ ಮಾತ್ರ ಅಷ್ಟೇ ಕೊಡ್ತೀನಿ ಅಂತಾರೆ. ಸಂಜೆ ಉಳಿದರೆ ಬಿಸಾಡಬೇಕು. ನೀವು ಹತ್ತು ಮನೆ ಸೇರಿ ಬೇಕು ಅಂತ ಹೇಳಿ, ನಾಳೆಯಿಂದಲೇ ತರಿಸ್ತೀನಿ.

ಗಂಗೊಳ್ಳಿ ದೋಣಿ ಮನೆ

ಪಡುಕರೆಯವರೇ, ನೀವು ಬರೆದದ್ದು ಓದಿ ಖುಷಿಯೂ ಆಯ್ತು, ಬೇಸರವೂ ಆಯ್ತು. ಬೇಸರ ಯಾಕಂದ್ರೆ ಭೂತಾಯಿ ಕಾರ್ಖಾನೆಗೆ ಹೋಗುವುದಕ್ಕೆ ಬೆಂಗಳೂರಿನವರು ತಿನ್ನದಿರುವುದೇ ಕಾರಣ ಎಂಬ ಹಾಗೆ ಬರೆದಿದ್ದೀರಿ. ಭೂತಾಯಿಯೇ ಇಲ್ಲದ ವರ್ಷಗಳೂ ಬಂದವಲ್ಲ? ಅದನ್ನ ಯಾಕೆ ಬರೆಯಲಿಲ್ಲ?

ನಮ್ಮದು ಗಂಗೊಳ್ಳಿ, ನಾಡದೋಣಿ ಮನೆ. ನಮ್ಮ ಅಜ್ಜ ರಂಪಣಿ ಎಳೆದವರು. ಒಂದು ರಂಪಣಿಗೆ ಊರಿಗೆ ಊರೇ ದಡದಲ್ಲಿ ನಿಂತು ಎಳೀಬೇಕಿತ್ತು, ಸಿಕ್ಕಿದ್ದು ಊರಿಗೆಲ್ಲ ಪಾಲು. 1970ರ ದಶಕದ ನಡುವೆ ಪರ್ಸೀನ್ ಬಂತು. ಹಿಂಡು ದಡಕ್ಕೆ ಬರುವ ಮೊದಲೇ ಹೊರಗೆ ಬಾಚುತ್ತಾರೆ ಅಂತ ಆಗಲೇ ಜಗಳ ಆಗಿತ್ತು. ರಂಪಣಿ ನಿಂತೇ ಹೋಯ್ತು. ಆಮೇಲೆ ಲೈಟ್ ಫಿಶಿಂಗ್. ರಾತ್ರಿ ಪ್ರಖರ ಎಲ್‌ಇಡಿ ಬೆಳಕು ನೀರಿಗೆ ಬಿಟ್ಟರೆ ಮರಿ, ತಾಯಿ ಎಲ್ಲ ಅದರ ಸುತ್ತ ಬಂದು ಸೇರುತ್ತೆ, ಒಂದೇ ಬಲೆಗೆ ಎಲ್ಲ ಖಾಲಿ. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಇದನ್ನ ನಿಷೇಧ ಮಾಡಿತು, ಜೊತೆಗೆ ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲನ್ನೂ. ಆಮೇಲೂ ಕದ್ದು ಮಾಡುವವರು ಇದ್ದಾರೆ, ಅದರ ವಿರುದ್ಧ ಎಷ್ಟು ಸಲ ಬೀದಿಗಿಳಿದದ್ದು ನಾವು.

ಬೆಂಗಳೂರಿನವರಿಗೆ ನಾನು ಕೇಳುವುದು ಬೇರೆ. ಅಂಗೈಯಷ್ಟುದ್ದದ ಅಂಜಲ್ ಮರಿ ಮಾರಾಟಕ್ಕಿಟ್ಟರೆ ಕೊಳ್ಳಬೇಡಿ. ಅಷ್ಟು ಮಾಡಿದರೆ ಸಾಕು.

ಪಡುಕರೆಯವ, ಪೀಣ್ಯ

ಗಂಗೊಳ್ಳಿಯವರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಮರಿ ಮೀನಿನ ಮಾತಿಗೆ ಎರಡು ಮಾತಿಲ್ಲ, ಬೆಳಕಿನ ಮೀನುಗಾರಿಕೆಯನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ. ಆದರೆ ಪರ್ಸೀನ್ ಅಂದರೆ ಬರೀ ಶ್ರೀಮಂತರ ಬೋಟು ಅನ್ನುವ ಹಾಗಿಲ್ಲ ಮಾರಾಯ್ರೆ. ಒಂದೊಂದು ಬೋಟಿನಲ್ಲಿ ಹಲವರ ಪಾಲು ಇರುತ್ತದೆ, ಅದರಲ್ಲಿ ಹೋಗುವ ಮೂವತ್ತು ಜನರದ್ದೂ ಮೂವತ್ತು ಮನೆ. ಮೀನು ಸಿಕ್ಕಿದ ದಿನ ಪಾಲು, ಸಿಗದ ದಿನ ಬರಿಗೈ. ಸಂಬಳ ಅಂತ ಇಲ್ಲ.

ಭೂತಾಯಿ ಹೋದದ್ದಕ್ಕೆ ಬಲೆಯೊಂದೇ ಕಾರಣ ಅಂತಲೂ ಹೇಳಲಾಗುವುದಿಲ್ಲ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಲೆಕ್ಕದಲ್ಲಿ ಕೇರಳದ ಭೂತಾಯಿ 2012ರಲ್ಲಿ 3.9 ಲಕ್ಷ ಟನ್ ಇತ್ತು, 2021ರಲ್ಲಿ 3,297 ಟನ್‌ಗೆ ಇಳಿಯಿತು. ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೊದಿಂದ ಕಡಲ ವಾತಾವರಣ ಬದಲಾದದ್ದು ದೊಡ್ಡ ಕಾರಣ ಅಂತ ಅವರೇ ಹೇಳಿದ್ದಾರೆ. ಹೆಚ್ಚು ಹಿಡಿದದ್ದೂ ಅದರ ಮೇಲೆ ಸೇರಿತು, ಅದನ್ನು ಒಪ್ಪುತ್ತೇನೆ.

ಎಕ್ಕೂರು ಕಾಲೇಜಿನವಳು, ಯಲಹಂಕ

ಇಬ್ಬರೂ ಹೇಳುವುದರಲ್ಲಿ ಸತ್ಯವಿದೆ. ಕಾರ್ಖಾನೆಗೆ ಹೋಗುವುದರಲ್ಲಿ ಎರಡು ಬಗೆ ಉಂಟು. ಒಂದು, ರಾಶಿ ಬಿದ್ದ ಒಳ್ಳೆಯ ಭೂತಾಯಿ. ನಗರ ತಿಂದರೆ ಇದು ಉಳಿಯುತ್ತದೆ. ಇನ್ನೊಂದು, ಟ್ರಾಲ್ ಬಲೆಯ ಕೊನೆಗೆ ಬರುವ ಸಣ್ಣ ಪುಟ್ಟ ಮಿಶ್ರ ಮೀನು. ಅದರಲ್ಲಿ ಬೆಳೆದರೆ ದೊಡ್ಡ ಬೆಲೆ ಬಾಳುವ ಜಾತಿಗಳ ಮರಿಗಳೂ ಇರುತ್ತವೆ. ಅದನ್ನು ಬೆಂಗಳೂರಿನವರು ತಿನ್ನಬೇಕಾಗಿಲ್ಲ, ಅದು ಬಲೆಗೆ ಬೀಳಲೇಬಾರದು. ಬಲೆಯ ತುದಿಯಲ್ಲಿ ಕಣ್ಣು ದೊಡ್ಡದಿದ್ದರೆ ಮರಿ ತಪ್ಪಿಸಿಕೊಂಡು ಹೋಗುತ್ತದೆ. ಆ ಕೆಲಸ ಧಕ್ಕೆಯಲ್ಲಿ ಆಗಬೇಕು, ಗಿರಾಕಿಯಿಂದ ಆಗದು. ಗಿರಾಕಿ ಮಾಡಬಹುದಾದದ್ದು ಗಂಗೊಳ್ಳಿಯವರು ಹೇಳಿದ್ದು: ಮರಿ ಕೊಳ್ಳದಿರುವುದು.

ಹೊನ್ನಾವರದ ಅಕ್ಕ, ಕೆಂಗೇರಿ

ಮೀನಿನ ಲೆಕ್ಕ ಎಲ್ಲ ಆಯ್ತು. ಹೋಗುವ ಜನರದ್ದು ಯಾರೂ ಬರೀಲಿಲ್ಲ, ಅದಕ್ಕೆ ಬರೀತಿದ್ದೇನೆ.

ಮಲ್ಪೆ ಬೋಟಿಗೆ ಹೋಗುವವರಲ್ಲಿ ನಮ್ಮ ಉತ್ತರ ಕನ್ನಡದವರು ಬಹಳ ಜನ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಆಗಸ್ಟ್‌ನಲ್ಲಿ ಹೋದರೆ ಹಬ್ಬಕ್ಕೆ ಬಂದರೆ ಬಂದರು. ಈಗ ಒಡಿಶಾ, ಆಂಧ್ರ, ಜಾರ್ಖಂಡ್ ಹುಡುಗರೂ ಇದ್ದಾರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅದರಲ್ಲಿ ಐವರು ನಮ್ಮ ಜಿಲ್ಲೆಯವರು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸುದ್ದಿಯಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣ್ ಕಡಲಲ್ಲಿ ಅದರ ಅವಶೇಷ ಪತ್ತೆ ಮಾಡಿದರು. ಆ ತಿಂಗಳುಗಳಲ್ಲಿ ನಮ್ಮ ಕೇರಿಯಲ್ಲಿ ಯಾರ ಮನೆಗೆ ಫೋನ್ ಬಂದರೂ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಭಾವನೂ ಆಗ ಬೇರೆ ಬೋಟಿನಲ್ಲಿದ್ದರು.

ಅಂಗಡಿಯಲ್ಲಿ ರೇಟು ಕೇಳಿ ‘ಮೀನಿಗೆ ಇಷ್ಟಾ’ ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ. ಮನೆಯ ಲೆಕ್ಕ ಎಲ್ಲರಿಗೂ ಇದ್ದದ್ದೇ. ಆದರೆ ತೂಕಕ್ಕೆ ಮೇಲೆ ಇನ್ನೊಂದು ಹಾಕು ಅಂತ ಮೀನು ಮಾರುವ ಅಜ್ಜಿಯ ಹತ್ತಿರ ಜಗ್ಗಾಡುವುದನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ.

ಪಡುಕರೆಯವ, ಪೀಣ್ಯ

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ಅಜ್ಜಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಊರಿನಲ್ಲಿ ಹಿಡಿಯುವುದು ಗಂಡಸರಾದರೆ ಮಾರುವುದು ಹೆಂಗಸರು. ಅಮ್ಮ ನಸುಕಿಗೆ ಧಕ್ಕೆಗೆ ಹೋಗಿ ಏಲಂನಲ್ಲಿ ಕೂಗಿ ಮೀನು ಹಿಡಿದು, ಬುಟ್ಟಿ ಹೊತ್ತು ಬಸ್ಸಿನಲ್ಲಿ ಹೋಗಿ ಮನೆ ಮನೆಗೆ ಮಾರಿ ನಮ್ಮನ್ನು ಓದಿಸಿದವರು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಯಾವ ಮೀನು ಆಗುವುದಿಲ್ಲ ಎಲ್ಲ ಅವರಿಗೆ ಗೊತ್ತಿತ್ತು. ಸಾಲ ಕೊಟ್ಟದ್ದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಒಂದು ರೂಪಾಯಿ ತಪ್ಪುತ್ತಿರಲಿಲ್ಲ. ಬೆಂಗಳೂರಿನಲ್ಲಿ ಆ ವ್ಯಾಪಾರವೇ ಇಲ್ಲ. ಇಲ್ಲಿ ಮೊಬೈಲ್‌ನಲ್ಲಿ ಒತ್ತಿದರೆ ಡಬ್ಬಿಯಲ್ಲಿ ಬರುತ್ತದೆ, ಕ್ಲೀನ್ ಮಾಡಿ. ಅನುಕೂಲ ಹೌದು. ಆದರೆ ಅದರ ಪಟ್ಟಿಯಲ್ಲಿಯೂ ಮೊದಲು ಕಾಣುವುದು ಅಂಜಲ್, ಮಾಂಜಿ, ಸಿಗಡಿಯೇ. ‘ಇವತ್ತು ಅಂಜಲ್ ಬೇಡ, ಬಂಗುಡೆ ಒಳ್ಳೆಯದುಂಟು, ತಕೊಳ್ಳಿ’ ಅಂತ ಹೇಳುವ ಮನುಷ್ಯರು ಅಲ್ಲಿ ಇಲ್ಲ.

ರಾಜಾಜಿನಗರ ಬಾಡಿಗೆ ಮನೆ

ನನ್ನದು ಬೇರೆ ಕಷ್ಟ. ಭೂತಾಯಿ ತರಲು ನಾನು ತಯಾರು. ಮನೆ ಮಾಲೀಕರು ಬಾಡಿಗೆಗೆ ಕೊಡುವಾಗಲೇ ಮೀನು ಬೇಯಿಸಬಾರದು ಅಂದರು. ಬೇರೆ ಮನೆ ಹುಡುಕಿದರೆ ಅಲ್ಲೂ ಅದೇ ಪ್ರಶ್ನೆ: ನೀವು ಯಾವ ಊರು, ಏನು ತಿಂತೀರಿ. ಕಾರವಾರ ಅಂದ ಕೂಡಲೇ ಮುಖ ಬದಲಾಗುತ್ತೆ. ನಮ್ಮ ಮನೆಯಲ್ಲಿ ತಾರ್ಲೆ (ಭೂತಾಯಿಗೆ ನಮ್ಮ ಕಡೆ ಹೆಸರು) ಸಾರು ಇಲ್ಲದ ವಾರ ಇರಲಿಲ್ಲ. ಈಗ ಮಕ್ಕಳಿಗೆ ಅದರ ರುಚಿಯೇ ಗೊತ್ತಿಲ್ಲ. ಅಂಜಲ್ ತಿನ್ನುತ್ತಾರೆ ಅಂದರೆ ವಾಸನೆ ಕಡಿಮೆ ಅನ್ನುವುದೂ ಒಂದು ಕಾರಣ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೊನ್ನಾವರದ ಅಕ್ಕ, ಕೆಂಗೇರಿ

ತಂಗಿ, ಓದಿ ಬಹಳ ಬೇಜಾರಾಯ್ತು. ನಾವೂ ಆ ಮಾತು ಕೇಳಿಸಿಕೊಂಡೇ ಕೆಂಗೇರಿಗೆ ಬಂದದ್ದು. ಇಲ್ಲಿ ಮಾಲೀಕರು ತೊಂದರೆ ಕೊಡಲಿಲ್ಲ. ಬೇಕಾದರೆ ನಮ್ಮ ಕಡೆ ಮನೆ ನೋಡಿ, ನಾನೂ ವಿಚಾರಿಸುತ್ತೇನೆ. ಅಲ್ಲಿಯವರೆಗೆ ಒಂದು ಹೇಳುತ್ತೇನೆ. ಭೂತಾಯಿ ಹುರಿಯುವುದಕ್ಕಿಂತ ಹುಳಿಯಲ್ಲಿ ಬೇಯಿಸಿದರೆ ವಾಸನೆ ಅಷ್ಟು ಹರಡುವುದಿಲ್ಲ. ತೊಳೆದು ಉಪ್ಪು, ಅರಿಸಿನ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ತೊಳೆಯಿರಿ. ಕಾಯಿ, ಮೆಣಸು, ಕೊತ್ತಂಬರಿ, ಹುಣಸೆ ರುಬ್ಬಿ ಕುದಿ ಬಂದ ಮೇಲೆ ಮೀನು ಹಾಕಿ, ನಾಲ್ಕೈದು ತಿರಫಲ (ನಮ್ಮ ಕಡೆಯ ಮಸಾಲೆಕಾಯಿ) ಜಜ್ಜಿ ಹಾಕಿ ಮುಚ್ಚಿ. ಸೌಟು ಹಾಕಿ ತಿರುಗಿಸಬೇಡಿ, ಪಾತ್ರೆ ಹಿಡಿದು ಅಲ್ಲಾಡಿಸಿ. ತಿರಫಲ ಬಿದ್ದರೆ ಭೂತಾಯಿ ವಾಸನೆ ಹೊಡೆಯುವುದಿಲ್ಲ.

ಚಾಮರಾಜಪೇಟೆ ಗಿರಾಕಿ

ಪಡುಕರೆಯವರು ಹೇಳಿದ್ದಕ್ಕೆ ನಿನ್ನೆ ರಸೆಲ್ ಮಾರುಕಟ್ಟೆಯಿಂದ ರಾಣಿ ಮೀನು ತಂದೆ. 1927ರ ಆ ಕಟ್ಟಡದೊಳಗೆ ಎಷ್ಟೋ ಸಲ ಹೋಗಿದ್ದೀನಿ, ಮೀನಿನ ಕಡೆ ಇಷ್ಟು ಬಗೆ ಇರುತ್ತೆ ಅಂತ ನಿಂತು ನೋಡಿದ್ದು ಇದೇ ಮೊದಲು. ಕಣ್ಣು, ಕಿವಿರು ನೋಡಿ ಆರಿಸಿದೆ. ಅಂಜಲ್‌ಗೆ ಕೊಡೋ ದುಡ್ಡಲ್ಲಿ ಅರ್ಧವೂ ಆಗಲಿಲ್ಲ. ಮಗಳು ಎರಡು ತುಂಡು ಹೆಚ್ಚಿಗೆ ಕೇಳಿದಳು. ಬೇಯಿಸುವಾಗ ಬೇಗ ಒಡೆಯುತ್ತೆ, ರವೆ ಹಚ್ಚಿ ಹುರಿದರೆ ಪರವಾಗಿಲ್ಲ. ಮಡಿವಾಳ ಅಣ್ಣ, ಹತ್ತು ಮನೆ ಅಂದ್ರಲ್ಲ, ನಮ್ಮ ಬೀದಿಯಿಂದ ಮೂರು ಮನೆ ಬರ್ಕೊಳ್ಳಿ.

ಬಿಟಿಎಂ ಬಡಾವಣೆಯಿಂದ

ನಮ್ಮ ಅಪಾರ್ಟ್‌ಮೆಂಟಿಂದ ಐದು ಮನೆ. ಬಂಗುಡೆ, ನೆತ್ತಿಲಿ ಎರಡೂ. ನೆತ್ತಿಲಿ ಕ್ಲೀನ್ ಮಾಡೋಕೆ ಹೆಚ್ಚಿನ ಕೂಲಿ ಕೊಡ್ತೀವಿ.

ಮಡಿವಾಳ ಮೀನಂಗಡಿ

ಆಯ್ತು. ಬುಧವಾರ ರಾತ್ರಿಯೊಳಗೆ ಎಷ್ಟು ಬೇಕು ಅಂತ ಹೇಳಿ. ಗುರುವಾರ ಮಲ್ಪೆಗೆ ಫೋನ್ ಮಾಡ್ತೀನಿ, ಶುಕ್ರವಾರ ನಸುಕಿಗೆ ಗಾಡಿ ಬರುತ್ತೆ. ಅವತ್ತು ಧಕ್ಕೆಯಲ್ಲಿ ಏನು ಬಿದ್ದಿದೆಯೋ ಅದೇ ಬರೋದು, ಬಂಗುಡೆ ಕೇಳಿದೆ ಕೊಡ್ಡಾಯಿ ಬಂತು ಅಂತ ಬೇಜಾರು ಮಾಡ್ಕೋಬೇಡಿ. ಐಸು ಎಷ್ಟಿದೆ ಅಂತ ಬಾಕ್ಸ್ ತೆಗೆಯೋವಾಗಲೇ ಬಂದು ನೋಡಬಹುದು. ಮರಿ ಅಂಜಲ್ ನಾನು ತರಿಸೋದಿಲ್ಲ, ಗಂಗೊಳ್ಳಿಯವರಿಗೆ ಹೇಳಿ.

ರಾಜಾಜಿನಗರ ಬಾಡಿಗೆ ಮನೆ

ಅಣ್ಣ, ನಂಗ್ ಬಂದರೆ ಒಂದು ಕಿಲೋ ನನಗಿಡಿ. ಚರ್ಮ ಸುಲಿದು ಕೊಡ್ತೀರಲ್ಲ?

ಮಡಿವಾಳ ಮೀನಂಗಡಿ

ಕೊಡ್ತೀನಿ ಅಕ್ಕ. ಬೆಳಿಗ್ಗೆ ಒಂಬತ್ತರೊಳಗೆ ಬನ್ನಿ, ಆಮೇಲೆ ಹೋಟೆಲಿನವರು ಬಂದುಬಿಡ್ತಾರೆ.